ಬ್ರಾಂಡನ್ ಟೇಲರರ ಚೊಚ್ಚಲ ಕಾದಂಬರಿ

ಹೊಸ ಲೇಖಕನೊಬ್ಬನ ಮೊದಲನೆಯ ಗ್ರಂಥವು ಪ್ರೌಢರ ಮನ್ನಣೆಗೆ ಪಾತ್ರವಾಗುವುದು ಎಲ್ಲ ದೇಶಗಳಲ್ಲಿಯೂ ಅಪರೂಪವೇ ಸರಿ. ಅಂಥ ಭಾಗ್ಯವು 2020ನೆಯ ಇಸವಿಯಲ್ಲಿ ಅಮೆರಿಕದ ಬ್ರಾಂಡನ್ ಟೇಲರ್ ಎಂಬ ತರುಣರಿಗೆ ಲಭಿಸಿತು. ಅವರ ಮೊದಲ ಕಾದಂಬರಿಯಾದ 'ರಿಯಲ್ ಲೈಫ್', ಎಂದರೆ 'ನಿಜವಾದ ಬಾಳು', ಆ ವರ್ಷದ ಬೂಕರ್ ಪ್ರಶಸ್ತಿಯ ಕೊನೆಯ ಸುತ್ತಿನ ಆರು ಗ್ರಂಥಗಳಲ್ಲೊಂದಾಗಿ ಆಯ್ಕೆಯಾಯಿತು. ಪ್ರಶಸ್ತಿಯು ಸ್ಕಾಟ್ಲೆಂಡಿನ ಡಗ್ಲಾಸ್ ಸ್ಟುವರ್ಟರ ಪಾಲಾದರೂ, ಟೇಲರರ ಹೆಸರು ಇಂಗ್ಲಿಷ್ ಬಲ್ಲ ವಾಚಕರ ಬಾಯಲ್ಲಿ ಉಳಿಯಿತು.

ಟೇಲರರು ಕಪ್ಪು ಜನಾಂಗದವರು, ಸಲಿಂಗಪ್ರೇಮಿಗಳು. ಈ ಎರಡನ್ನೂ ಅವರು ಮರೆಮಾಚಿದವರಲ್ಲ. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ಸಂಸ್ಥಾನದ ಹಳ್ಳಿಗಾಡಿನಲ್ಲಿ ಬೆಳೆದ ಇವರು ಮೊದಲು ಹಿಡಿದದ್ದು ವಿಜ್ಞಾನದ ದಾರಿಯನ್ನು. ರಸಾಯನಶಾಸ್ತ್ರವನ್ನು ಕಲಿತು, ಉನ್ನತ ವ್ಯಾಸಂಗಕ್ಕಾಗಿ ಮ್ಯಾಡಿಸನ್ ಪಟ್ಟಣದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿ ಜೀವರಸಾಯನಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಬಳಿಕ ಆ ದಾರಿಯನ್ನು ಬಿಟ್ಟು, ಕಥೆಗಾರರಿಗೂ ಕವಿಗಳಿಗೂ ಶಿಕ್ಷಣವೀಯುವ ಅಯೋವಾದ ಪ್ರಸಿದ್ಧ ಶಾಲೆಯನ್ನು ಸೇರಿದರು. ಆದುದರಿಂದಲೇ ಪ್ರಯೋಗಶಾಲೆಯ ಒಳಗನ್ನು ಇವರಷ್ಟು ನಿಕಟವಾಗಿ ಬಣ್ಣಿಸಬಲ್ಲ ಕಾದಂಬರಿಕಾರರು ವಿರಳ.

ಕಥೆಯ ನಾಯಕನು ವಾಲೆಸ್ ಎಂಬ ವಿದ್ಯಾರ್ಥಿ. ಅವನೂ ಅಲಬಾಮಾದವನು, ಕಪ್ಪು ಜನಾಂಗದವನು, ಸಲಿಂಗಪ್ರೇಮಿ. ಅವನು ವ್ಯಾಸಂಗ ಮಾಡುತ್ತಿರುವ ವಿಭಾಗಕ್ಕೆ ಮೂರು ದಶಕಗಳಿಗೂ ಮೇಲ್ಪಟ್ಟ ಕಾಲದಲ್ಲಿ ಕಪ್ಪು ವಿದ್ಯಾರ್ಥಿಯೊಬ್ಬನು ಬಂದುದು ಅದೇ ಮೊದಲು. ಬೇಸಗೆಯೆಲ್ಲ ಅವನು ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಹುಳುಗಳನ್ನು ತಟ್ಟೆಗಳಲ್ಲಿ ಸಾಕುತ್ತ, ತಳಿಯಿಂದ ತಳಿಗೆ ಕೂಡಿಸುತ್ತ ಬಂದಿದ್ದಾನೆ. ಒಂದು ಶುಕ್ರವಾರ ನೋಡುತ್ತಾನೆ: ತಟ್ಟೆಗಳಿಗೆಲ್ಲ ಬೂಷ್ಟು ಹಿಡಿದಿದೆ! ವರುಷಕ್ಕಾಗುವಷ್ಟು ಹಾಕಿಟ್ಟ ಉಪ್ಪಿನಕಾಯಿಯ ಭರಣಿಯನ್ನು ತೆರೆದಾಗ ಮೇಲೆಲ್ಲ ಬೂಷ್ಟನ್ನು ಕಂಡ ಗೃಹಿಣಿಯ ಸಂಕಟವು ವಾಲೆಸನ ಸಂಕಟವನ್ನು ಸ್ವಲ್ಪಮಟ್ಟಿಗೆ ತಿಳಿಸೀತು. ಇದು ತಾನಾಗಿ ಆದುದೋ, ಬೇಕೆಂದೇ ಯಾರಾದರೂ ಮಾಡಿದುದೋ ಎಂಬ ಶಂಕೆ ಅವನನ್ನು ಕೊರೆಯುತ್ತದೆ.

ಇದಕ್ಕಿಂತ ಭಾರವಾದ ಇನ್ನೊಂದು ಸಂಗತಿಯಿದೆ. ಕೆಲವು ವಾರಗಳ ಹಿಂದೆ ಅವನ ತಂದೆ ತೀರಿಕೊಂಡಿದ್ದಾನೆ. ಮಗನು ಅಂತ್ಯಕ್ರಿಯೆಗೆ ಹೋಗಲಿಲ್ಲ. ಗೆಳೆಯರೊಡನೆ ಬಾಯಿಬಿಟ್ಟು ಹೇಳಲೂ ಇಲ್ಲ. ತಂದೆಯ ಋಣವನ್ನು ದೊಡ್ಡದಾಗಿ ಎಣಿಸುವ ನಮ್ಮ ವಾಚಕರಿಗೆ ಇದು ಕಠೋರವಾಗಿ ತೋರಬಹುದು. ಆದರೆ ಬಾಲ್ಯದಲ್ಲಿ ಆ ಮನೆಯಲ್ಲಿಯೇ ಅವನ ಮೇಲೆ ಘೋರವಾದ ಅತ್ಯಾಚಾರ ನಡೆದಿತ್ತು. ಕಾಯಬೇಕಾದವರು ಅವನನ್ನು ಕಾಯಲಿಲ್ಲ. ಈ ವೃತ್ತಾಂತವು ಕಥೆಯ ನಡುವೆ, ಒಂದು ರಾತ್ರಿಯಲ್ಲಿ, ಅವನ ಬಾಯಿಂದಲೇ ಹೊರಬೀಳುತ್ತದೆ. ಅದನ್ನು ಓದಿದ ಮೇಲೆ ಅವನನ್ನು ನಿಂದಿಸುವ ನಾಲಗೆ ತಾನೇ ಹಿಂಜರಿಯುತ್ತದೆ.

ಅದನ್ನು ಕೇಳುವವನು ಮಿಲ್ಲರ್ ಎಂಬ ಬಿಳಿಯ ಗೆಳೆಯ. ಸ್ತ್ರೀಯರಲ್ಲಿಯೇ ಅನುರಾಗವುಳ್ಳವನೆಂದು ತನ್ನನ್ನು ಭಾವಿಸಿಕೊಂಡಿದ್ದ ಈತನಿಗೂ ವಾಲೆಸನಿಗೂ ಆ ವಾರದ ಕೊನೆಯಲ್ಲಿ ಸ್ನೇಹವು ಪ್ರೇಮಕ್ಕೆ ತಿರುಗುತ್ತದೆ. ಅದು ಸುಖದ ಪ್ರೇಮವಲ್ಲ. ಒಂದು ಗಳಿಗೆ ಮಮತೆ, ಮರುಗಳಿಗೆ ಕ್ರೌರ್ಯ. ಟೇಲರರು ಇದನ್ನು ಅಲಂಕರಿಸಿ ಹೇಳುವುದಿಲ್ಲ, ಹೇಸಿ ಮುಖ ತಿರುಗಿಸುವುದೂ ಇಲ್ಲ. ಗಂಡುಹೆಣ್ಣುಗಳ ಪ್ರೇಮವನ್ನು ಬಲ್ಲ ಓದುಗನಿಗೆ ಇಲ್ಲಿಯೂ ಅದೇ ಆಸೆ, ಅದೇ ಅಂಜಿಕೆ, ಅದೇ ಅಭಿಮಾನಗಳು ಕಾಣುತ್ತವೆ.

ಗ್ರಂಥದಲ್ಲಿ ಮರೆಯಲಾಗದ ಭಾಗವೆಂದರೆ ಔತಣದ ಪ್ರಸಂಗ. ಗೆಳೆಯರೆಲ್ಲ ಕೂಡಿ ಉಣ್ಣುತ್ತಿರುವಾಗ, ಪಂಕ್ತಿಯಲ್ಲಿದ್ದ ಒಬ್ಬನು ವಾಲೆಸನ ಹುಟ್ಟುಬೆಳವಣಿಗೆಯಲ್ಲಿಯೇ ಕೊರತೆಯಿದೆಯೆಂಬರ್ಥದ ಮಾತನ್ನಾಡುತ್ತಾನೆ. ಆ ಮಾತು ಕೆಟ್ಟದ್ದೆಂದು ಉಳಿದವರಿಗೆ ತಿಳಿಯದೆ ಇಲ್ಲ. ಆದರೂ ಒಬ್ಬರೂ ತುಟಿಬಿಚ್ಚುವುದಿಲ್ಲ. ಆಡಿದವನ ಮಾತಿಗಿಂತ ಆಡದವರ ಮೌನವೇ ವಾಲೆಸನನ್ನು ಹೆಚ್ಚು ನೋಯಿಸುತ್ತದೆ. ವಿದ್ಯಾಭ್ಯಾಸವನ್ನು ಬಿಟ್ಟುಹೋಗಲೇ, ಇಲ್ಲಿಯೇ ನಿಲ್ಲಲೇ ಎಂಬುದೇ ಅವನ ಮುಂದಿರುವ ಪ್ರಶ್ನೆ. ಬಿಟ್ಟರೆ ಹಿಂತಿರುಗಲು ಮನೆಯಿಲ್ಲ. ನಿಂತರೆ ಜತೆಗೆ ನಿಲ್ಲುವವರಿಲ್ಲ.

ಇಷ್ಟೆಲ್ಲವೂ ನಡೆಯುವುದು ಬೇಸಗೆ ಮುಗಿಯುವ ಹೊತ್ತಿನ ಕೆಲವೇ ದಿನಗಳಲ್ಲಿ. ಟೆನಿಸ್ ಆಟ, ಸರೋವರದ ದಡದ ಸಂಜೆ, ಪ್ರಯೋಗಶಾಲೆಯ ಜಗಳ, ಊಟ, ನಿದ್ದೆಯಿಲ್ಲದ ರಾತ್ರಿ, ಇವೇ ಘಟನೆಗಳು. ಕೊಲೆಯಿಲ್ಲ, ಪವಾಡವಿಲ್ಲ. ಆದರೂ ಪುಸ್ತಕವನ್ನು ಕೆಳಗಿಡಲು ಮನಸ್ಸು ಬಾರದು.

ಈ ದಾರಿಯಲ್ಲಿ ಟೇಲರರಿಗಿಂತ ಮೊದಲು ನಡೆದ ಹಿರಿಯರಿದ್ದಾರೆ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ 1924ರಲ್ಲಿ ಜನಿಸಿದ ಜೇಮ್ಸ್ ಬಾಲ್ಡ್‌ವಿನ್ನರು 1953ರಲ್ಲಿ ತಮ್ಮ ಮೊದಲ ಕಾದಂಬರಿಯಿಂದ ಕೀರ್ತಿ ಪಡೆದರು. ಆದರೆ ಪುರುಷರಿಬ್ಬರ ಪ್ರೇಮವನ್ನು ಹೇಳುವ 'ಜೊವಾನ್ನಿಯ ಕೋಣೆ'ಯನ್ನು ಬರೆದಾಗ, ಮೊದಲಿನ ಪ್ರಕಾಶಕರೇ ಅದನ್ನು ಬೇಡವೆಂದರು. 1956ರಲ್ಲಿ ಅಮೆರಿಕದಲ್ಲಿ ಬೇರೊಬ್ಬರು ಅದನ್ನು ಹೊರತಂದರು. ಅದರ ಮುಖ್ಯಪಾತ್ರಗಳು ಬಿಳಿಯರು. ಕಪ್ಪು ಬಣ್ಣದ ನೋವನ್ನೂ ಸಲಿಂಗಪ್ರೇಮದ ನೋವನ್ನೂ ಒಂದೇ ಎದೆಯಲ್ಲಿ ಹೊತ್ತ ವಾಲೆಸನಂಥ ನಾಯಕನ ಕಥೆಗೆ ಜಗತ್ತು ಇಂದು ಗೌರವದ ಸ್ಥಾನವನ್ನು ಕೊಟ್ಟಿದೆಯೆಂದರೆ, ಈ ಅರುವತ್ತು ವರ್ಷಗಳಲ್ಲಿ ಕಾಲವು ಎಷ್ಟು ದೂರ ನಡೆದಿದೆಯೆಂಬುದು ತಿಳಿದೀತು.

ಟೇಲರರ ಲೇಖನಿಯು ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಅವರ ಸಣ್ಣಕಥೆಗಳ ಸಂಗ್ರಹವೂ, 2023ರಲ್ಲಿ 'ದಿ ಲೇಟ್ ಅಮೆರಿಕನ್ಸ್' ಎಂಬ ಕಾದಂಬರಿಯೂ ಹೊರಬಂದುವು. ಕಥಾಸಂಗ್ರಹಕ್ಕೆ 'ಸ್ಟೋರಿ ಪ್ರೈಜ್' ಎಂಬ ಬಹುಮಾನವೂ ದೊರೆಯಿತು.

ಈ ಪುಸ್ತಕವು ಎಳೆಯರ ಕೈಗಲ್ಲ, ಪ್ರೌಢರಿಗೆ. ನಮ್ಮ ದೇಶದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಇಂಥ ಪ್ರೇಮವು ಅಪರಾಧವಲ್ಲವೆಂದು ತೀರ್ಪಿತ್ತಿತು. ಕಾನೂನು ಸಡಿಲವಾದ ಮಾತ್ರಕ್ಕೆ ಮನೆಯೊಳಗಿನ ಮೌನ ಸಡಿಲವಾಗದು. ಮನೆಯ ಮಗನೊಬ್ಬನು ಪಂಕ್ತಿಯಲ್ಲಿ ಕುಳಿತೂ ಒಂಟಿಯಾಗಿರುವನೇ ಎಂದು ತಿರುಗಿ ನೋಡುವ ತಂದೆತಾಯಂದಿರಿಗೆ ವಾಲೆಸನ ಕಥೆ ತಕ್ಕ ಓದು.