"ಅಮ್ಮ ಮಲಗಿರಲಿ ಬಿಡಿ ಸಿಸ್ಟರ್": ಆಸ್ಪತ್ರೆಯಲ್ಲಿ ಹಿರಿಯರ ಆರೈಕೆ

ಇವತ್ತು ಒಂದು ದೃಶ್ಯ ಊಹಿಸಿಕೊಳ್ಳಿ. ಹಾಸನದಿಂದ ಲೀಡ್ಸ್‌ನ ಮಗನ ಮನೆಗೆ ಬಂದಿರೋ ಎಂಬತ್ತೆರಡು ವರ್ಷದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿದಿಲ್ಲ. ಆದರೆ ಸೋಂಕಿದೆ ಅಂತ ಆಸ್ಪತ್ರೆಗೆ ಸೇರಿಸಿಕೊಂಡರು. ಮರುದಿನ ಬೆಳಿಗ್ಗೆ ನರ್ಸ್ ಬಂದು ಮೆಲ್ಲಗೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸ್ತಾರೆ. ಮಗನಿಗೆ ಸಂಕಟ: "ಪಾಪ, ಸುಸ್ತಾಗಿದ್ದಾರೆ, ಮಲಗಿರಲಿ ಬಿಡಿ ಸಿಸ್ಟರ್." ಯಾರು ಸರಿ?

ಉತ್ತರಕ್ಕೆ ಮೊದಲು ಒಂದು ಪದ: ಫ್ರೇಲ್ಟಿ. ಇದು ಬರೀ ವಯಸ್ಸಲ್ಲ. ದೇಹದ ಉಳಿತಾಯ ಕರಗಿರೋ ಸ್ಥಿತಿ. ಉಳಿತಾಯ ಇಲ್ಲದ ಮನೆಗೆ ಸಣ್ಣ ಖರ್ಚೂ ದೊಡ್ಡ ಹೊಡೆತ ಅಲ್ವಾ? ಹಾಗೇ ಒಂದು ಸಣ್ಣ ಸೋಂಕು, ಒಂದು ಹೊಸ ಮಾತ್ರೆ ಸಾಕು, ನಡೀತಿದ್ದವರು ಹಾಸಿಗೆ ಹಿಡೀತಾರೆ. ಇದನ್ನು ಅಳೆಯೋ ಕೆಲಸದಲ್ಲಿ ಲೀಡ್ಸ್, ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್ ಸಂಶೋಧಕರ ಪಾಲು ದೊಡ್ಡದು. ಕುಟುಂಬ ವೈದ್ಯರ ಕಂಪ್ಯೂಟರ್ ದಾಖಲೆಯಲ್ಲಿನ 36 ಅಂಶಗಳಿಂದಲೇ ಫ್ರೇಲ್ಟಿ ಅಂದಾಜು ಮಾಡೋ ಸೂಚ್ಯಂಕವನ್ನು ಅವರು 2016ರಲ್ಲಿ ಪ್ರಕಟಿಸಿದರು.

ಆಸ್ಪತ್ರೆಯ ಬಾಗಿಲಲ್ಲಿ ಬಳಕೆಯಾಗೋದು ಇನ್ನೊಂದು ಅಳತೆ. ಕೆನಡಾದಲ್ಲಿ ಹುಟ್ಟಿದ, 1ರಿಂದ 9ರವರೆಗಿನ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್. ಬಹಳ ಕಡೆ ಇದನ್ನು ಹಾಕೋರು ನರ್ಸ್. ಅವರ ಮುಖ್ಯ ಪ್ರಶ್ನೆ: "ಎರಡು ವಾರದ ಹಿಂದೆ ಅಮ್ಮ ಹೇಗಿದ್ದರು?" ಇಲ್ಲಿ ನಾವು ಎಡವುತ್ತೀವಿ. ಅಭ್ಯಾಸಬಲದಿಂದ "ಚೆನ್ನಾಗೇ ಇದ್ದರು" ಅಂದುಬಿಡ್ತೀವಿ. ಸ್ನಾನಕ್ಕೆ ಸೊಸೆ ಕೈ ಹಿಡೀತಿದ್ದರಾ? ಮೆಟ್ಟಿಲು ಹತ್ತೋದು ನಿಂತಿತ್ತಾ? ಮಾತ್ರೆ ಮರೀತಿದ್ದರಾ? ಆ ವಿವರ ಇಲ್ಲದಿದ್ದರೆ ಅಂಕ ತಪ್ಪುತ್ತೆ, ಆರೈಕೆಯೂ ತಪ್ಪುತ್ತೆ.

ಈಗ ಕುರ್ಚಿಯ ವಿಷಯ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ, ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇಟ್ಟರು. ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಅವರು ಆರೋಗ್ಯವಂತರು. ನಮ್ಮ ಅಮ್ಮನ ಹತ್ತಿರ ಅಷ್ಟು ಉಳಿತಾಯವೇ ಇಲ್ಲ. ಅದಕ್ಕೇ ನಾಟಿಂಗ್‌ಹ್ಯಾಮ್ ಆಸ್ಪತ್ರೆಗಳ ನರ್ಸ್‌ಗಳು ರೋಗಿಗಳನ್ನು ಎಬ್ಬಿಸಿ, ರಾತ್ರಿ ಉಡುಪು ಬಿಡಿಸಿ, ಸ್ವಂತ ಬಟ್ಟೆ ಹಾಕಿಸಿ ನಡೆಸೋ ಅಭಿಯಾನ ಶುರು ಮಾಡಿದರು. 2018ರಲ್ಲಿ ಅದು 70 ದಿನದ ಸವಾಲಾಗಿ ಇಂಗ್ಲೆಂಡಿಗೆಲ್ಲ ಹಬ್ಬಿತು.

ಎರಡನೇ ಅಪಾಯ ಡೆಲಿರಿಯಂ, ನಮ್ಮೂರಲ್ಲಿ ಸನ್ನಿ ಅಂತೀವಿ. ದಿಢೀರನೆ ಗೊಂದಲ, ಊರು-ಹೊತ್ತು ಮರೆಯೋದು. ಕೆಲವರು ಕೂಗಾಡಲ್ಲ, ಸುಮ್ಮನೆ ಮಂಕಾಗ್ತಾರೆ. 1999ರ ಯೇಲ್ ಅಧ್ಯಯನದಲ್ಲಿ ಕನ್ನಡಕ, ನೀರು, ನಿದ್ದೆ, ನಡಿಗೆ, ಮಾತುಕತೆ ಇಷ್ಟನ್ನು ಶಿಸ್ತಾಗಿ ನೋಡಿಕೊಂಡಾಗ ಡೆಲಿರಿಯಂ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಹೊಸ ಔಷಧಿ ಯಾವುದೂ ಅಲ್ಲ! ಇದೆಲ್ಲ ನರ್ಸ್ ಕಣ್ಣಳತೆಯ ಕೆಲಸ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗ್ತಾರೆ, ವಾರ್ಡಿನಲ್ಲಿ ಹಗಲೂ ರಾತ್ರಿ ಇರೋರು ನರ್ಸ್‌ಗಳೇ. ಆದರೆ ಸಿಬ್ಬಂದಿ ಕಡಿಮೆಯಾದಾಗ ಮೊದಲು ತಪ್ಪೋದೂ ಇಂಥ ಕೆಲಸಗಳೇ.

ಅಲ್ಲಿ ಮನೆಯವರು ಬೇಕು. ಡೆಲಿರಿಯಂನಲ್ಲಿ ಅಮ್ಮನಿಗೆ ಗೊತ್ತಿದ್ದ ಅಲ್ಪಸ್ವಲ್ಪ ಇಂಗ್ಲಿಷೂ ಕೈಕೊಡಬಹುದು. ವಾರ್ಡಿನಲ್ಲಿ ಕನ್ನಡ ಕೇಳಿಸದಿದ್ದರೆ ಭಯ ಇಮ್ಮಡಿ. 2014ರಲ್ಲಿ ಶುರುವಾದ ಜಾನ್ಸ್ ಕ್ಯಾಂಪೇನ್ ಕೇಳಿದ್ದೂ ಇದನ್ನೇ: ಮರೆವಿನ ಕಾಯಿಲೆ ಇರೋರ ಜೊತೆ ಮನೆಯವರಿಗೆ ಇರೋ ಹಕ್ಕು. ಆದರೆ ಚಿಕಿತ್ಸೆಯ ನಿರ್ಧಾರದ ಮಾತಿಗೆ ಆಸ್ಪತ್ರೆಯ ದುಭಾಷಿಯನ್ನೇ ಕೇಳಿ. ಮಗ ಅನುವಾದ ಮಾಡುವಾಗ ಅಮ್ಮನ ಮನಸ್ಸು ನೋಯದಿರಲಿ ಅಂತ ಅರ್ಧ ಮಾತು ನುಂಗಿಬಿಡಬಹುದು.

ಹಾಗಾಗಿ ನಮ್ಮ ಊಹೆಯ ಮಗನಿಗೆ ಉತ್ತರ: ಈ ಸಲ ನರ್ಸ್ ಸರಿ. ಆದರೆ ಕೆಲಸ ಇಬ್ಬರದ್ದೂ. ಕನ್ನಡಕ, ಕಿವಿಯ ಯಂತ್ರ, ಮನೆಯ ಚಪ್ಪಲಿ, ಒಂದು ಹತ್ತಿ ಸೀರೆ ತಗೊಂಡು ಹೋಗಿ. ಬೀಳೋ ಭಯ ಇದ್ದರೆ ನರ್ಸ್‌ನ ಕೇಳಿ. ಅವರು ಸರಿ ಅಂದ ಮೇಲೆ, "ಅಮ್ಮಾ, ಕಿಟಕಿ ತನಕ ಹೋಗಿ ಬರೋಣ ಬನ್ನಿ" ಅನ್ನಿ.