ಸೂಜಿಯ ಕೆಲಸ ಮುಗಿದ ಮೇಲೆ

ಆಸ್ಪತ್ರೆಗಳಲ್ಲಿ ಶುಶ್ರೂಷಕರಿಗೆ ಆಗುವ ಸೂಜಿಗಾಯಗಳಲ್ಲಿ ಸಾಕಷ್ಟು ಸಂಭವಿಸುವುದು ಇಂಜೆಕ್ಷನ್ ಕೊಟ್ಟಾದ ಮೇಲೆ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗ ಅಥವಾ ಅದನ್ನು ವಿಲೇವಾರಿ ಮಾಡುವಾಗ. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಎರಡನ್ನೂ ಕೂಡಿಸುವ ಗಳಿಗೆಯಲ್ಲಿ ಪಕ್ಕದ ಹಾಸಿಗೆಯ ರೋಗಿ ಕರೆದರೆ ಸಾಕು, ಮೊನೆ ಮುಚ್ಚಳದ ಅಂಚಿನಿಂದ ಜಾರಿ ಬೆರಳಿಗೆ ನಾಟುತ್ತದೆ. ಹೊರಗೆ ಕಾಣುವುದು ಒಂದೇ ಹನಿ ರಕ್ತವಾದರೂ ಸೂಜಿಯ ಟೊಳ್ಳಿನಲ್ಲಿ ರೋಗಿಯ ರಕ್ತ ಉಳಿದಿರುವುದರಿಂದ ಗಾಯವನ್ನು ಸಣ್ಣದೆಂದು ಕಡೆಗಣಿಸುವಂತಿಲ್ಲ.

ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು ಶೇ 0.3ರಷ್ಟಿದ್ದರೆ, ಯಕೃತ್ತಿಗೆ ಉರಿಯೂತ ತರುವ ಹೆಪಟೈಟಿಸ್ ಬಿ ವೈರಾಣು ಲಸಿಕೆ ಪಡೆಯದವರಿಗೆ ತಗುಲುವ ಸಾಧ್ಯತೆ ಶೇ 6ರಿಂದ 30ರವರೆಗೂ ಇದೆ. ಭಯ ಹೆಚ್ಚಾಗಿರುವುದು ಎಚ್‌ಐವಿ ಬಗ್ಗೆಯೇ. ಆದರೆ ಅದಕ್ಕಿಂತ ಸುಲಭವಾಗಿ ಅಂಟುವ ಈ ಕಾಯಿಲೆಯನ್ನು ಆರು ತಿಂಗಳ ಅವಧಿಯಲ್ಲಿ ಕೊಡುವ ಮೂರು ಡೋಸ್ ಲಸಿಕೆಯಿಂದ ತಡೆಯಬಹುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಯ ಮೇಲೆಯೇ ಹೊರಿಸಿವೆ. ಹಾಗಿದ್ದೂ ಲಸಿಕೆ ಪಡೆಯದ ಶುಶ್ರೂಷಕರನ್ನು ಪಾಳಿಗೆ ಹಾಕುವುದು ಅಕ್ಷಮ್ಯ.

ಚುಚ್ಚಿದ ಬೆರಳನ್ನು ಹಿಂಡಿ ರಕ್ತ ತೆಗೆಯುವುದಾಗಲಿ, ಬಾಯಿಗಿಡುವುದಾಗಲಿ, ಸ್ಪಿರಿಟ್ ಸುರಿಯುವುದಾಗಲಿ ತಪ್ಪು. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯಲು ಕೊಡುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕಾಗುವುದರಿಂದ, ಮೇಲಧಿಕಾರಿ ಬೈದಾರೆಂಬ ಅಂಜಿಕೆಯಿಂದ ಬೆಳಗಿನವರೆಗೆ ಸುಮ್ಮನಿದ್ದರೂ ಅಮೂಲ್ಯವಾದ ಸಮಯ ಕೈತಪ್ಪುತ್ತದೆ. ಗಾಯವನ್ನು ಅಜಾಗರೂಕತೆಯೆಂದು ಜರೆಯುವ ವಾರ್ಡಿನಲ್ಲಿ ಗಾಯಗಳು ಕಡಿಮೆಯಾಗುವುದಿಲ್ಲ, ರಿಜಿಸ್ಟರಿಗೆ ಏರುವುದು ಮಾತ್ರ ನಿಲ್ಲುತ್ತದೆ.

ಶುಶ್ರೂಷಕರ ಈ ಸುರಕ್ಷತೆಯನ್ನು ರೋಗಿಯ ಸುರಕ್ಷತೆಯಿಂದ ಬೇರೆಯಾಗಿ ನೋಡಲಾಗದು. ಹಬ್ ಕಟ್ಟರ್ ಎಂಬ ಕೈಯುಪಕರಣದಿಂದ ಸೂಜಿಯನ್ನು ಬುಡದಲ್ಲೇ ಕತ್ತರಿಸಿದಾಗ ಶುಶ್ರೂಷಕರ ಬೆರಳು ಉಳಿಯುವುದಲ್ಲದೆ, ಅದೇ ಸಿರಿಂಜನ್ನು ಇನ್ನೊಬ್ಬ ರೋಗಿಗೆ ಬಳಸುವ ದಾರಿಯೂ ಮುಚ್ಚುತ್ತದೆ. ಮೊನಚಾದ ತ್ಯಾಜ್ಯಕ್ಕೆಂದು ನಿಯಮಗಳು ಸೂಚಿಸಿರುವ, ಚುಚ್ಚಿದರೆ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬಿ ವಾರ್ಡಿನ ಮೂಲೆಯಲ್ಲಿದ್ದರೆ ಪ್ರಯೋಜನ ಕಡಿಮೆ; ಅದು ಇಂಜೆಕ್ಷನ್ ಟ್ರಾಲಿಯ ಜೊತೆಗೇ ಹಾಸಿಗೆಯ ಬಳಿ ಕೈಗೆಟುಕುವಂತಿರಬೇಕು, ಮುಕ್ಕಾಲು ಭಾಗ ತುಂಬುತ್ತಲೇ ಬದಲಾಗಬೇಕು, ಏಕೆಂದರೆ ತುಂಬಿದ ಡಬ್ಬಿಯೊಳಗೆ ಇನ್ನೊಂದು ಸೂಜಿಯನ್ನು ತಳ್ಳಲು ಹೋದ ಕೈಗೆ ಹಿಂದಿನ ಸೂಜಿಗಳ ಮೊನೆಯೇ ಮೊದಲು ತಾಗುತ್ತದೆ.