ಶಿಂಷೆಯ ಬೆನ್ನು ಹತ್ತಿ

ಬೆಳಗಿನ ಏಳರ ಹೊತ್ತಿಗೆ ಕ್ಯಾತ್ಸಂದ್ರದ ಹೋಟೆಲುಗಳ ಮುಂದೆ ಹಬೆ ಎದ್ದಿರುತ್ತದೆ. ಪಾತ್ರೆಯ ಮುಚ್ಚಳ ತೆಗೆದು, ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ಹೊರಗೆಳೆದು, ಇಡ್ಲಿಯನ್ನು ಎಲೆಯ ಮೇಲೆ ಜಾರಿಸಿ, ಮೇಲೊಂದು ಉಂಡೆ ಬೆಣ್ಣೆ ಇಡುತ್ತಾರೆ. ಅದು ಕರಗಿ ಅಂಚಿಗಿಳಿಯುವಷ್ಟರಲ್ಲಿ ಚಟ್ನಿ ಬಂದಿರುತ್ತದೆ. ಬೆಂಗಳೂರಿನಿಂದ ಬಂದ ಕಾರಿನವರು ನಿಂತೇ ತಿಂದು, ಕೈ ತೊಳೆದು, ಮತ್ತೆ ಹೆದ್ದಾರಿ ಹತ್ತಿ ಹುಬ್ಬಳ್ಳಿಯ ದಿಕ್ಕಿಗೆ ಹೊರಟುಬಿಡುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಎಂದರೆ ದಾರಿಯಲ್ಲಿ ಸಿಗುವ ಊರುಗಳು ಎಂದೇ ಬಹಳ ಜನರ ಎಣಿಕೆ. ಇವನ್ನೇ ನೋಡಲೆಂದು ಮನೆಯಿಂದ ಹೊರಡಬಹುದು, ಎರಡು ದಿನ ಇಟ್ಟುಕೊಂಡು ನಿಧಾನವಾಗಿ ತಿರುಗಬಹುದು.

ಹೊರಡುವ ಮುನ್ನ ನಕ್ಷೆಯೊಂದನ್ನು ನೋಡಿಕೊಳ್ಳಿ. ಗುಬ್ಬಿ ಇರುವುದು ಬೆಂಗಳೂರಿನಿಂದ ತುಮಕೂರಿನ ಮೇಲೆ ಅರಸೀಕೆರೆಗೆ ಹೋಗುವ ಹಳೆಯ ರೈಲು ದಾರಿಯಲ್ಲಿ. ಕುಣಿಗಲ್ ಇರುವುದು ನೆಲಮಂಗಲ, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಹೊಸ ದಾರಿಯಲ್ಲಿ. ಆ ಮಾರ್ಗದಲ್ಲಿ ರೈಲು ಓಡತೊಡಗಿದ್ದು 2017ರ ಮಾರ್ಚ್‌ನಲ್ಲಿ. ಈ ಎರಡು ಹಳಿಗಳು ಜಿಲ್ಲೆಯೊಳಗೆ ಎಲ್ಲೂ ಕೂಡುವುದಿಲ್ಲ. ಹಾಗಾಗಿ ಗುಬ್ಬಿಯ ಕಡೆಯ ರೈಲಿನಲ್ಲಿ ಹೋಗಿ, ಕುಣಿಗಲ್ ಕಡೆಯ ರೈಲಿನಲ್ಲಿ ಮರಳಿದರೆ ನೋಡಿದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ. ಹಳಿಗಳು ಕೂಡಿಸದ ಈ ಮೂರು ತಾಲ್ಲೂಕುಗಳನ್ನು ಕೂಡಿಸುವುದು ಶಿಂಷಾ ನದಿ. ಅದರ ಬೆನ್ನು ಹತ್ತಿದರೆ ಪ್ರವಾಸದ ಯೋಜನೆ ತಾನೇ ಸಿದ್ಧವಾಗುತ್ತದೆ.

ಯಾವ ತಿಂಗಳು ಹೋಗಬೇಕೆಂಬುದು ಮೊದಲ ಪ್ರಶ್ನೆ. ನಮ್ಮ ಬಯಲುಸೀಮೆಯಲ್ಲಿ ತಿಂಗಳು ಬದಲಾದರೆ ಊರೇ ಬದಲಾಗುತ್ತದೆ. ಹಲಸಿನ ಆಸೆಯಿದ್ದರೆ ಮುಂಗಾರು ಶುರುವಾಗುವ ಹೊತ್ತಿಗೆ ಬನ್ನಿ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಸಿದ್ದು’ ಎಂದು ಗುರುತಿಸಿದ ತಾಮ್ರಗೆಂಪು ತೊಳೆಯ ತಳಿ ಇಲ್ಲಿನದೇ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ. ನೋಡಲು ಅದ್ಭುತ, ಆದರೆ ತುಮಕೂರಿನಲ್ಲಿ ರೂಮನ್ನು ಮೊದಲೇ ಹೇಳಿಟ್ಟಿರಬೇಕು. ನನ್ನನ್ನು ಕೇಳಿದರೆ ಕಾರ್ತಿಕ ಮಾಸ ಎನ್ನುತ್ತೇನೆ. ಮಳೆ ಕೈಕೊಡದಿದ್ದರೆ ಕೆರೆಗಳು ತುಂಬಿರುತ್ತವೆ, ಹೊಲದಲ್ಲಿ ರಾಗಿ ತೆನೆ ಬಾಗಿರುತ್ತದೆ, ಗೂಳೂರಿನಲ್ಲಿ ಗಣಪ ಕೂತಿರುತ್ತಾನೆ.

ಮೊದಲ ಬೆಳಗ್ಗೆ ದೇವರಾಯನದುರ್ಗ. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಬಸ್ಸು ಕಡಿಮೆ, ಆಟೋ ಮಾತಾಡಿಕೊಂಡು ಹೋಗುವುದೇ ವಾಸಿ, ಬೆಟ್ಟದಲ್ಲಿ ಕಾಯುವ ಹೊತ್ತಿನ ಬಾಡಿಗೆಯನ್ನೂ ಮೊದಲೇ ಸೇರಿಸಿ ಮಾತಾಡಿ. ದಾರಿಯಲ್ಲೇ ನಾಮದ ಚಿಲುಮೆ. ರಾಮನ ಬಾಣ ತಾಗಿ ಬಂಡೆಯಿಂದ ನೀರು ಚಿಮ್ಮಿತೆಂಬ ಕಥೆಯ ಜಾಗ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಕೈಯಲ್ಲಿ ತಿಂಡಿಯ ಕವರು ಹಿಡಿದು ಮೆಟ್ಟಿಲು ಹತ್ತಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. ಇದೇ ಬೆಟ್ಟಸಾಲಿನಿಂದ ಜಯಮಂಗಲಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆ ಸುತ್ತು ಹಾಕಿ ತೆಂಕಣಕ್ಕಿಳಿದು ಕಾವೇರಿಯನ್ನು ಸೇರುತ್ತದೆ. ಹುಟ್ಟಿದ ಕಡೆ ಶಿಂಷೆಯನ್ನು ನದಿ ಎಂದು ಗುರುತು ಹಿಡಿಯುವುದು ಕಷ್ಟ. ಪೊದೆಗಳ ನಡುವೆ ಇಳಿಯುವ ಹಳ್ಳ, ಅಷ್ಟೇ.

ಮಧ್ಯಾಹ್ನಕ್ಕೆ ಗುಬ್ಬಿ. ಬಿ.ಎಚ್. ರಸ್ತೆಯಲ್ಲಿ, ಎಂದರೆ ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ, ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್. ತೆಂಗು, ಅಡಿಕೆ ತೋಟಗಳ ನಡುವಿನ ಊರು. ಗುಬ್ಬಿಯಪ್ಪನೆಂದು ಜನ ಕರೆಯುವ ಚನ್ನಬಸವೇಶ್ವರನ ಗುಡಿಯ ಮುಂದೆ ನಿಂತಾಗ ನಾಟಕ ನೆನಪಾಗದೆ ಇರದು. ಈ ದೇವರ ಹೆಸರಿಟ್ಟುಕೊಂಡೇ 1884ರಲ್ಲಿ ಇಲ್ಲಿ ನಾಟಕ ಸಂಘ ಹುಟ್ಟಿತು. ಮುಂದೆ ಅದನ್ನು ನಾಡಿನ ಮನೆಮಾತಾಗಿಸಿದವರು ಗುಬ್ಬಿ ವೀರಣ್ಣ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ ಕಂಪನಿ ಅದು. ಪರದೆ, ಪೆಟ್ಟಿಗೆ, ನೂರಾರು ಜನರ ಅನ್ನ ಎಲ್ಲವನ್ನೂ ಹೊತ್ತು ಊರೂರು ಸುತ್ತಿದ ಆ ಕಂಪನಿಗಿಂತ ಪ್ರಯಾಣದ ಏರ್ಪಾಟು ಬಲ್ಲವರು ಕನ್ನಡ ನಾಡಿನಲ್ಲಿ ಇದ್ದಿರಲಾರರು.

ಪ್ರಯಾಣಿಕರ ಕಷ್ಟ ಬಲ್ಲ ಇನ್ನೊಬ್ಬರೂ ಇದೇ ಊರಿನ ಹೆಸರು ಹೊತ್ತಿದ್ದಾರೆ. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ್ದನ್ನು ಗುಬ್ಬಿ ತೋಟದಪ್ಪನವರು ಧರ್ಮಕ್ಕೆ ಕೊಟ್ಟರು. ಬೆಂಗಳೂರು ರೈಲು ನಿಲ್ದಾಣದ ಸಮೀಪ 1903ರಲ್ಲಿ ಅವರ ಛತ್ರ ಶುರುವಾಯಿತು. ಊರು ಬಿಟ್ಟು ಬಂದವನಿಗೆ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು ಎಂದು ತಿಳಿದ ಮನುಷ್ಯ. ಇವರ ಊರಿಗೆ ಬಂದಾಗ ನಾನು ಗೌರವದಿಂದಲೇ ಕಾಲಿಡುತ್ತೇನೆ.

ಗುಬ್ಬಿಯಿಂದ ಬಸ್ಸು ಹಿಡಿದು ಕಡಬಕ್ಕೆ ಹೋಗಿ. ಅಲ್ಲಿ ಶಿಂಷೆಗೇ ಏರಿ ಕಟ್ಟಿ ಮಾಡಿದ ದೊಡ್ಡ ಕೆರೆಯಿದೆ. ಬೆಟ್ಟದಲ್ಲಿ ಹಳ್ಳವಾಗಿದ್ದ ನೀರು ಇಲ್ಲಿ ಅಗಲವಾಗಿ ಮಲಗಿ, ಏರಿಯ ಕೆಳಗಿನ ತೋಟಗಳಿಗೆಲ್ಲ ತಂಪು ಕೊಡುತ್ತದೆ. ಇಳಿಬಿಸಿಲಿನಲ್ಲಿ ಏರಿಯ ಮೇಲೆ ನಡೆಯಿರಿ. ಕೊಕ್ಕರೆಗಳು, ನೀರು ಕುಡಿದು ಹಟ್ಟಿಗೆ ಮರಳುವ ಎಮ್ಮೆಗಳು, ಒದ್ದೆ ಮಣ್ಣಿನ ವಾಸನೆ. ಇಳಿದ ತಕ್ಷಣ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಅಂಗಡಿಯವರನ್ನು ಕೇಳಿಕೊಂಡಿರಬೇಕು. ರಾತ್ರಿ ತಂಗಲು ತುಮಕೂರೇ ಅನುಕೂಲ.

ಎರಡನೆಯ ದಿನದ ದಾರಿ ತುಮಕೂರು–ಕುಣಿಗಲ್ ರಸ್ತೆ. ಮೂವತ್ತೈದು ಕಿಲೋಮೀಟರ್ ಚಿಲ್ಲರೆ, ಒಂದು ಗಂಟೆಯ ಹಾದಿ. ಅದನ್ನು ಅರ್ಧ ದಿನ ಮಾಡಿ. ಊರು ದಾಟುತ್ತಲೇ ಗೂಳೂರು. ಗಣೇಶ ಚೌತಿಯಂದು ಬೇರೆಡೆಯೆಲ್ಲ ಗಣಪನ ಪೂಜೆ ನಡೆದರೆ ಇಲ್ಲಿ ಅಂದು ಮೂರ್ತಿಗೆ ಮಣ್ಣು ಹಾಕುವ ಕೆಲಸ ಶುರು. ದೀಪಾವಳಿಯ ಬಲಿಪಾಡ್ಯಮಿಯ ಹೊತ್ತಿಗೆ ಮೂರ್ತಿ ಮುಗಿದು, ಕಾರ್ತಿಕವಿಡೀ ಪೂಜೆ. ನಡುವೆ ಹೋದರೂ ನಷ್ಟವಿಲ್ಲ. “ಈಗ ಬಂದ್ರಾ ಸ್ವಾಮಿ? ಇನ್ನೂ ಬಣ್ಣ ಆಗ್ಬೇಕು, ದೀಪಾವಳಿಗೆ ಬನ್ನಿ” ಎನ್ನುತ್ತಾರೆ ಬಾಗಿಲ ಬಳಿ ಕೂತ ಹಿರಿಯರು, ನಮಗೆ ಸಿಕ್ಕುವುದು ಹಸಿ ಮಣ್ಣಿನ ಆಳೆತ್ತರ ಮೀರಿದ ಹೊಟ್ಟೆ, ಅದರ ಮೇಲೆ ಇನ್ನೂ ಆರದ ಬೆರಳ ಗುರುತು. ಬಣ್ಣ ಬಿದ್ದ ಗಣಪನಿಗಿಂತ ಅದು ನನಗೆ ಹೆಚ್ಚು ಇಷ್ಟ. ವಿಸರ್ಜನೆಯ ರಾತ್ರಿ ಮಾತ್ರ ಊರಿಗೆ ಊರೇ ಬೀದಿಯಲ್ಲಿ, ಮದ್ದುಗುಂಡಿನ ಸದ್ದಿನಲ್ಲಿ.

ಪಕ್ಕದಲ್ಲೇ ಕೈದಾಳ. ಶಿಲ್ಪಿ ಜಕಣಾಚಾರಿಯ ಕಡಿದ ಕೈ ಮರಳಿ ಬಂದದ್ದು ಇಲ್ಲಿ ಎಂಬುದು ಜನರ ನಂಬಿಕೆ. ಚೆನ್ನಕೇಶವನ ಗುಡಿಯನ್ನು 1150ರ ಆಸುಪಾಸಿನಲ್ಲಿ ಕಟ್ಟಿಸಿದವನು ಹೊಯ್ಸಳರ ಸಾಮಂತ ಗೂಳಿ ಬಾಚಿ. ಬೇಲೂರಿನ ಹಾಗೆ ಸಾಲು ನಿಲ್ಲಬೇಕಿಲ್ಲ. ಮೂರ್ತಿಯ ಮುಂದೆ ಎಷ್ಟು ಹೊತ್ತು ನಿಂತರೂ ಮುಂದೆ ಸಾಗಿ ಎನ್ನುವವರಿಲ್ಲ. ಬೆಳಗ್ಗೆಯೇ ಹೋಗಿ, ಹಳ್ಳಿಯ ಗುಡಿಗಳು ಪೂಜೆ ಮುಗಿದ ಮೇಲೆ ಬಾಗಿಲು ಹಾಕುತ್ತವೆ. ಮುಂದೆ ನಾಗವಲ್ಲಿ, ಅಲ್ಲಿನ ಮರಗಳಲ್ಲಿ ಕಾಡುಪಾಪಗಳಿವೆ. ರಾತ್ರಿ ಓಡಾಡುವ, ದೊಡ್ಡ ಕಣ್ಣಿನ ಆ ಸಣ್ಣ ಜೀವವನ್ನು ಹುಡುಕಿ ಟಾರ್ಚು ಹಾಕಬೇಡಿ. ಹಗಲಿನಲ್ಲಿ ಆ ಮರಗಳ ಕೆಳಗೆ ಹಾದುಹೋದರೆ ಸಾಕು.

ಕುಣಿಗಲ್‌ನಲ್ಲಿ ದೊಡ್ಡಕೆರೆಯೇ ಮುಖ್ಯ. ಜನಪದ ಹಾಡು ಹೊಗಳಿದ್ದು ಈ ಕೆರೆಯನ್ನೇ. ತುಂಬಿದ ವರ್ಷ ಏರಿಯ ಮೇಲೆ ನಿಂತರೆ ಆಚೆ ದಡ ಮಬ್ಬಾಗಿ ಕಾಣುತ್ತದೆ. ಬತ್ತಿದ ವರ್ಷ ಕೆರೆಯಂಗಳದಲ್ಲಿ ಕುರಿಗಳು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆಂದು ಕುದುರೆ ಸಾಕಿದ ಊರಿದು, ಆಮೇಲೆ ಪಂದ್ಯದ ಕುದುರೆಗಳೂ ಇಲ್ಲಿಂದ ಹೊರಟವು. ಆ ಕುದುರೆ ಫಾರಂಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೊರಗಿನಿಂದ ನೋಡಿ ಮುಂದುವರಿಯಿರಿ.

ಮಾರ್ಕೋನಹಳ್ಳಿಯಲ್ಲಿ ಶಿಂಷೆ ಮತ್ತೆ ಸಿಗುತ್ತದೆ, ಈ ಸಲ ಅಣೆಕಟ್ಟಿನ ಹಿಂದೆ. ಜಲಾಶಯ ತುಂಬಿದರೆ ಬಾಗಿಲು ಎತ್ತುವವರಿಗಾಗಿ ಕಾಯದೆ ಸೈಫನ್‌ಗಳು ತಾವಾಗಿಯೇ ನೀರೆಳೆದು ಹೊರಹಾಕುತ್ತವೆ. ಒಳ್ಳೆಯ ಮಳೆ ಬಿದ್ದ ವರ್ಷ ಆ ಭೋರ್ಗರೆತ ಕೇಳಬೇಕು. ಕೆಳಗಿಳಿದು ಫೋಟೊ ತೆಗೆಯುವ ಹಂಬಲ ಮಾತ್ರ ಬೇಡ, ನೀರು ಯಾವಾಗ ಶುರುವಾಗುತ್ತದೆಂದು ಹೇಳಲು ಬರುವುದಿಲ್ಲ.

ಊಟಕ್ಕೆ ಯಡಿಯೂರು. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ದರ್ಶನ ಮಾಡಿ ದಾಸೋಹದ ಸಾಲಿನಲ್ಲಿ ಕೂರಿ. ಬಂದವರು ಯಾರೆಂದು ಇಲ್ಲಿ ಕೇಳುವುದಿಲ್ಲ. ಗುಡಿಯ ಹತ್ತಿರವೇ ಮಂಗಳೂರು ಹೆದ್ದಾರಿ, ಬೆಂಗಳೂರಿಗೆ ಬಸ್ಸುಗಳು ಬೇಕಾದಷ್ಟು. ಆದರೆ ಭಾನುವಾರ ಸಂಜೆ ಧರ್ಮಸ್ಥಳ, ಸುಬ್ರಹ್ಮಣ್ಯದಿಂದ ಬರುವ ಬಸ್ಸುಗಳು ತುಂಬಿ ಬರುತ್ತವೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕುಣಿಗಲ್‌ಗೆ ಹಿಂದಿರುಗಿ ರೈಲು ಹಿಡಿಯಿರಿ. ಆ ದಾರಿಯಲ್ಲಿ ಗಾಡಿಗಳು ಕಡಿಮೆ, ವೇಳೆಯನ್ನು ಮನೆಯಲ್ಲೇ ನೋಡಿಕೊಂಡು ಬರೆದಿಟ್ಟುಕೊಳ್ಳಿ.